ಮಂಜನಿಗೊಂದು ಪತ್ರ: ಬಂದ, ಬಂದರು

ಮಂಜಾ,

ನಿನ್ನ ಕಾದಂಬರಿಯ ಮೂರು ಅಧ್ಯಾಯ ಓದಿದೆ. ಕಥೆ ನಡೆಯುತ್ತೆ ಕಣೋ, ಎಡವ್ತಿರೋದು ಹೆಸರುಗಳು. ತಾಳ್ಮೆಯ ಹೆಂಡತಿ ಸಹನಾ, ಲಂಚ ತಿನ್ನೋ ಗುಮಾಸ್ತ ಧರ್ಮಪ್ಪ! ಮೊದಲನೇ ಪುಟದಲ್ಲೇ ಎಲ್ಲ ಗೊತ್ತಾದ್ಮೇಲೆ ಓದೋನಿಗೆ ಇನ್ನೇನು ಕೆಲಸ? ಊರೆಲ್ಲ ಓದ್ಲಿ ಅಂತಲೇ ಇಲ್ಲಿ ಬರೀತಿದೀನಿ.

ಹೆಸರಿಡೋರು ಅಪ್ಪ ಅಮ್ಮ. ಅವರಿಗೆ ನಿನ್ನ ಕಥೆ ಗೊತ್ತಿಲ್ಲ. ಹೆಸರಿನಲ್ಲಿ ಇರೋದು ಅವರ ಆಸೆ, ಅವರ ಭಯ. ಮಕ್ಕಳು ಉಳಿಯದ ಮನೇಲಿ ಕೂಸನ್ನ ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡು ಬಂದು ತಿಪ್ಪಯ್ಯ ಅಂತಿದ್ರು. ಸಾಲಾಗಿ ಹೆಣ್ಣೇ ಹುಟ್ಟಿದ ಮನೇಲಿ ಕೊನೆಯವಳು ಸಾಕಮ್ಮ. ತುಳುನಾಡಲ್ಲಿ ಹುಟ್ಟಿದ ವಾರವೇ ಹೆಸರಾಗ್ತಿತ್ತು: ಭಾನುವಾರ ಐತ, ಮಂಗಳವಾರ ಅಂಗಾರ, ಶುಕ್ರವಾರ ತುಕ್ರ. ಕಾರಂತರ 'ಚೋಮನ ದುಡಿ'ಯಲ್ಲಿ ಚೋಮ ಅಂದ್ರೆ ಸೋಮ, ಚನಿಯ ಅಂದ್ರೆ ಶನಿ. ಅರ್ಥ ಇದೆ, ಆದ್ರೆ ಅದು ಮುಂದೇನಾಗುತ್ತೆ ಅಂತ ಬಾಯಿ ಬಿಡಲ್ಲ.

ಹೆಸರು ಹುಡುಕೋಕೆ ಮತದಾರರ ಪಟ್ಟಿ ತೆಗಿ. ಹೆಸರು, ವಯಸ್ಸು, ತಂದೆಯದೋ ಗಂಡನದೋ ಹೆಸರು ಒಟ್ಟಿಗೇ ಸಿಗುತ್ತೆ. ನಿನ್ನ ಕಥೆಯ ಅಜ್ಜ ಹುಟ್ಟಿದ್ದು 1958ರಲ್ಲಿ, ಕಥೆ ನಡೆಯೋದು 2024ರಲ್ಲಿ. 66ರ ಆಚೀಚೆ ಐದು ವರ್ಷದವರನ್ನ ನೋಡು. ಹೆಸರು ಒಂದು ಪುಟದಿಂದ ತಗೊಂಡ್ರೆ ಅಪ್ಪನ ಹೆಸರು ಇನ್ನೊಂದರಿಂದ. ಇಡೀ ಸಾಲು ಎತ್ತಿದ್ರೆ ಬದುಕಿರೋ ಮನುಷ್ಯನನ್ನೇ ಎತ್ತಿದ ಹಾಗೆ. ಅಜ್ಜ ಹಾವೇರಿ ಕಡೆಯವನಾದ್ರೆ ಬಡಿಗೇರ, ಹೂಗಾರ, ಅಂಗಡಿ ಅಂತ ಅಡ್ಡಹೆಸರು ಬೇಕು. ಮಂಡ್ಯದವನಿಗೆ ಇನಿಷಿಯಲ್ ಸಾಕು.

ಆಮೇಲೆ ವಿಭಕ್ತಿ ಹಚ್ಚಿ ನೋಡು. ಶ್ರೇಯಸ್‌ಗೆ, ಶ್ರೇಯಸ್‌ನನ್ನು, ಶ್ರೇಯಸ್ಸಿನಿಂದ... ಕಾದಂಬರಿ ಪೂರ್ತಿ ಈ ಕಲ್ಲು ಅಗಿಯಬೇಕು. ಕೊನೆಯಲ್ಲಿ ಸ್ವರ ಇದ್ರೆ ಹೆಸರು ತಾನೇ ಜಾರುತ್ತೆ: ಕರಿಬಸಪ್ಪನಿಗೆ, ಕರಿಬಸಪ್ಪನನ್ನು. ಸುಮ, ಸುಧಾ, ಸುಜಾತ ಮೂವರೂ ಒಂದೇ ಮನೇಲಿ ಬೇಡ. ಓದೋನು ಮೊದಲಕ್ಷರ ಹಿಡಿದೇ ಓಡೋನು. ಬಸವರಾಜನನ್ನ ಯಾರು ಬಸ್ಯಾ ಅಂತಾರೆ, ಯಾರು ಬಸಣ್ಣ, ಯಾರು ಬಸವರಾಜಪ್ಪನವರೇ, ಬರೆಯೋಕೆ ಮುಂಚೆನೇ ಗುರುತು ಹಾಕ್ಕೋ.

ಇನ್ನೊಂದು ಸಣ್ಣ ವಿಷಯ. ನಿನ್ನ ಎರಡನೇ ಅಧ್ಯಾಯದಲ್ಲಿ 'ಶಂಕರರಾಯರು ಬಂದರು' ಅಂತಿದೆ. ನಾಲ್ಕು ಸಾಲು ಬಿಟ್ಟು 'ನಿಂಗ ಬಂದ'. ಇಬ್ಬರಿಗೂ ಅರವತ್ತು ದಾಟಿದೆ. ರಾಯರು ಬಾಯಿ ತೆಗೆದು 'ಲೋ ನಿಂಗ' ಅನ್ನಲಿ, ಅದು ರಾಯರ ನಾಲಿಗೆ. 'ನಿಂಗ ಬಂದ' ಅಂದಿದ್ದು ಯಾರ ನಾಲಿಗೆ? ತಿದ್ದೋ ದಾರಿ ಎರಡೇ: ಇಬ್ಬರಿಗೂ 'ರು' ಹಾಕು, ಇಲ್ಲಾಂದ್ರೆ ಇಬ್ಬರಿಗೂ ಬಿಡು. 'ಶಂಕರರಾಯ ಬಂದ' ಅಂತ ಒಂದ್ಸಲ ಬರೆದು ನೋಡು. ಕೈ ತಡೆಯುತ್ತೆ.

ನನ್ನ ಕೈ ತಡೀತು. ನಿನ್ನದನ್ನ ತಿದ್ದೋಕೆ ಕೂತೋನು ನನ್ನ ಹಳೇ ಕಥೆಗಳನ್ನೂ ತೆಗೆದೆ. ನಿಂಗ, ಕೆಂಚ, ಮಾದ, ಕರಿಯ, ಎಲ್ಲರೂ 'ಬಂದ'. ಒಬ್ಬನ ಹೆಸರಿಗೂ ಅಪ್ಪ, ಅಯ್ಯ ಹಚ್ಚಿಲ್ಲ. ಆಮೇಲಿನ ಕಥೆಗಳಲ್ಲಿ ಎಲ್ಲರೂ ರವಿ, ಕಿರಣ, ಕುಮಾರ. ಜಾತಿ ಕಾಣದ ಹೆಸರು ಇಡೋದು ನನ್ನ ದೊಡ್ಡತನ ಅಂದ್ಕೊಂಡಿದ್ದೆ. ಹೆಸರು ಸರಿಯಾಗಿ ಇಟ್ಟುಬಿಟ್ರೆ ಅವರ ಅಡುಗೆಮನೆ ಬರೀಬೇಕಾಗುತ್ತಲ್ಲ, ಅಲ್ಲಿಗೆ ನಾನು ಕಾಲೇ ಇಟ್ಟಿಲ್ಲ. ನಮ್ಮನೆ ಹಿತ್ತಲ ಬಾಗಿಲಿಗೆ ಬರ್ತಿದ್ದ ನಿಂಗ ನಿಂಗಪ್ಪನೋ ನಿಂಗಯ್ಯನೋ ಅಂತ ಇವತ್ತಿಗೂ ಗೊತ್ತಿಲ್ಲ. ಕೇಳಿರಲಿಲ್ಲ.

ಇಷ್ಟು ಹೇಳೋ ಉದ್ದೇಶ ಇರಲಿಲ್ಲ ಬಿಡು. ನೀನು ಮೊದಲು ಆ ಧರ್ಮಪ್ಪನಿಗೊಂದು ಗತಿ ಕಾಣಿಸು. ಬೇರೆ ಹೆಸರು ಸಿಗ್ಲಿಲ್ಲ ಅಂತ ನನ್ನದನ್ನ ಮಾತ್ರ ಹಾಕ್ಬೇಡ. ಅದಕ್ಕೆ ವಿಭಕ್ತಿ ಹಚ್ಚಿದ್ರೆ ಏನಾಗುತ್ತೆ ಅಂತ ಮೇಷ್ಟ್ರು ಬೋರ್ಡ್ ಮೇಲೆ ಬರೆದು ತೋರಿಸಿದ್ದು ಮರೆತಿಲ್ಲ ತಾನೇ?

ಇಂತಿ ನಿನ್ನ,
ಛತ್ರಿ