ಹುಲಿಗೇ ದಾರಿ ಬಿಡದ ಸಫಾರಿ

ಮಾನ್ಯ ಸಂಪಾದಕರೇ,

ಬಂಡೀಪುರದಲ್ಲಿ ಸಫಾರಿ ವಾಹನಗಳು ಹುಲಿಯನ್ನು ಸುತ್ತುವರಿದ ಬಗ್ಗೆ ಮಂಗಳವಾರ ಪ್ರಕಟವಾದ ವರದಿಗೆ ‘ಅಂಥದ್ದೇನೂ ನಡೆದಿಲ್ಲ’ ಎಂದು ಅರಣ್ಯ ಇಲಾಖೆಯ ಅಧಿಕಾರಿಗಳು ಕೊಟ್ಟ ಸಮಜಾಯಿಷಿ ಓದಿ ಮೈ ಉರಿಯಿತು. ಭಾನುವಾರ ಬೆಳಿಗ್ಗೆ ಅಲ್ಲಿದ್ದ ಬಸ್ಸಿನಲ್ಲಿ ನಾನೂ ಇದ್ದೆ.

ಕಾಡಿನಲ್ಲಿ ಹುಲಿ ನೋಡಬೇಕೆಂಬುದು 72 ವರ್ಷದ ನನ್ನ ತಾಯಿಯ ಬಹುದಿನದ ಆಸೆ. ತಿಂಗಳ ಮೊದಲೇ ಜೀಪಿನಲ್ಲಿ ಎರಡು ಸೀಟು ಕಾಯ್ದಿರಿಸಿ, ಪೂರ್ತಿ ಹಣ ಕಟ್ಟಿದ್ದೆ. ನಸುಕಿನ ಮೂರಕ್ಕೆ ಎದ್ದು ಹೊರಟು ಐದೂವರೆಗೆ ಕೌಂಟರ್ ಮುಂದೆ ನಿಂತರೆ ‘ಸರ್ವರ್ ಇಲ್ಲ, ಕಾಯಿರಿ’ ಎಂದರು. ಕೂರಲು ಬೆಂಚಿಲ್ಲ. ಶೌಚಾಲಯಕ್ಕೆ ಬೀಗ, ಕೀಲಿಕೈ ಯಾರಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಮಂಡಿನೋವಿನ ಹೆಂಗಸು ಒಂದು ಗಂಟೆ ಚಳಿಯಲ್ಲಿ ನಿಂತೇ ಇದ್ದರು. ಕೊನೆಗೆ ನಮ್ಮ ಜೀಪನ್ನು ಸಾಹೇಬರ ಕಡೆಯವರಂತೆ, ಯಾರೋ ಹತ್ತಿಕೊಂಡು ಹೋದರು. ನಮ್ಮನ್ನು ಬಸ್ಸಿನ ಹಿಂದಿನ ಸೀಟಿಗೆ ಅಟ್ಟಿದರು. ವ್ಯತ್ಯಾಸದ ಹಣ ಕೇಳಿದರೆ ‘ಅರ್ಜಿ ಕೊಡಿ’ ಎಂಬ ಉತ್ತರ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಕೆರೆಯ ಬಳಿ ಕಂಡದ್ದನ್ನು ನುಂಗಲಾಗುತ್ತಿಲ್ಲ. ಲಂಟಾನದ ಪೊದೆಯಿಂದ ಹೆಣ್ಣು ಹುಲಿಯೊಂದು ಹೊರಬಂತು, ಬೆನ್ನಿಗೆ ಎರಡು ಮರಿ. ರಸ್ತೆ ದಾಟಿದರೆ ನೀರು. ಆದರೆ ರಸ್ತೆಯ ತುಂಬ ಏಳು ವಾಹನ. ಹುಲಿ ಎರಡು ಹೆಜ್ಜೆ ಮುಂದಿಟ್ಟರೆ ಜೀಪೂ ಮುಂದೆ ಬಂತು. ಅದು ಬದಿಗೆ ಸರಿದರೆ ಅಲ್ಲಿಗೂ ಇನ್ನೊಂದು ನುಗ್ಗಿತು. ಕಿವಿ ಹಿಂದಕ್ಕೆ ಮಡಿಸಿ, ಹಲ್ಲು ಕಾಣುವಂತೆ ಗುರುಗುಟ್ಟಿದರೂ ಮೊಬೈಲ್ ಹಿಡಿದವರ ಕೂಗಾಟ ನಿಲ್ಲಲಿಲ್ಲ. ಇಲಾಖೆಯ ಸಿಬ್ಬಂದಿ ಬಾಯಿ ಬಿಡಲಿಲ್ಲ. ಹುಲಿ ನೀರಿಗೆ ಬಾಯಿ ಹಚ್ಚದೆ ಮರಿಗಳ ಜೊತೆ ಪೊದೆಗೆ ಮರಳಿತು. ‘ಪಾಪ, ಬಾಯಾರಿ ಬಂದಿತ್ತು. ನಾವು ಬರಬಾರದಿತ್ತು’ ಎಂದು ಅಮ್ಮ ಕಣ್ಣೊರೆಸಿಕೊಂಡರು.

ವನ್ಯಪ್ರಾಣಿಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕು, ಸುತ್ತುವರಿಯಕೂಡದು ಎಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲೇ ನಿಯಮ ಮಾಡಿದೆ. ಅದನ್ನು ಯಾರು ಓದಬೇಕು? 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ಬಂಡೀಪುರವಿತ್ತು ಎಂದು ಭಾಷಣ ಮಾಡುತ್ತಾರೆ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳಿವೆ, ಮಧ್ಯಪ್ರದೇಶ ಬಿಟ್ಟರೆ ನಾವೇ ಎಂದು ಬೀಗುತ್ತಾರೆ. ಇರುವ ಒಂದು ಹುಲಿಗೆ ಕೆರೆಯ ದಾರಿ ಬಿಡಿಸಿಕೊಡಲು ಆಗುವುದಿಲ್ಲವೇ?

ಇವರ ಧೋರಣೆ ಇಂದಿನದಲ್ಲ. ಕಾಡಂಚಿನಲ್ಲಿರುವ ನಮ್ಮ ಭಾವನವರ ಬಾಳೆತೋಟವನ್ನು ಆನೆಗಳು ತುಳಿದು ಎರಡು ವರ್ಷವಾಯಿತು. ಪರಿಹಾರದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಿದೆ. ಕೇಳಲು ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿ. ಕಳೆದ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗಲೂ ಫೋನ್ ಎತ್ತುವವರಿರಲಿಲ್ಲ. ಸಾಹೇಬರ ಕಡೆಯವರಿಗೆ ಮಾತ್ರ ಜೀಪು ತಕ್ಷಣ ಸಿಗುತ್ತದೆ.

ತಪ್ಪಿತಸ್ಥರ ಮೇಲೆ ಕ್ರಮ ಜರುಗಿಸಬೇಕು, ನಮ್ಮ ಹಣ ಹಿಂತಿರುಗಿಸಬೇಕು. ಆಗದಿದ್ದರೆ ಸಫಾರಿಯನ್ನೇ ನಿಲ್ಲಿಸಲಿ. ಅದೂ ಆಗದಿದ್ದರೆ ಆ ಶೌಚಾಲಯದ ಬೀಗವನ್ನಾದರೂ ತೆಗೆಯಲಿ. ನಾಚಿಕೆಯಾಗಬೇಕು ಇವರಿಗೆ.

– ನೊಂದ ಓದುಗ, ಮೈಸೂರು