ಸೋಪಿನ ಸಾಹುಕಾರನ ಮನೆ ನೋಡಿ ಬಂದು, ಗೆಳೆಯನಿಗೊಂದು ಪತ್ರ

ಪ್ರೀತಿಯ ಮಾರಾಯ,

ನೀನು ಫೋಟೋ ಕಳಿಸಿ ಹದಿನೈದು ದಿನವಾಯಿತು. ಹಳೇ ಮನೆಯ ಚಾವಡಿ ಕಂಬಗಳನ್ನು ಯಾವುದೋ ರೆಸಾರ್ಟಿನವರು ಕೇಳ್ತಿದ್ದಾರೆ, ರೇಟೂ ಚೆನ್ನಾಗಿದೆ, ಎಂತ ಮಾಡಲಿ ಅಂತ ಕೇಳಿದ್ದೆ. ನಾನು ಹೆಬ್ಬೆರಳಿನ ಚಿತ್ರ ಒಂದನ್ನು ಒತ್ತಿ ಸುಮ್ಮನಾದೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು. ಕಳೆದ ವಾರಾಂತ್ಯ ಪಾಸಡೀನಾಕ್ಕೆ, ಗ್ಯಾಂಬಲ್ ಹೌಸ್ ಅನ್ನುವ ಹಳೇ ಮರದ ಮನೆ ನೋಡಲು ಹೋಗಿದ್ದೆವು. ಅಲ್ಲಿ ಒಂದೊಂದು ತೊಲೆ ನೋಡುವಾಗಲೂ ನೀನು ಪಕ್ಕದಲ್ಲಿ ನಿಂತು ಗೊಣಗುತ್ತಿರುವ ಹಾಗೆ ಅನ್ನಿಸಿತು. ಅದಕ್ಕೇ ಈ ಉದ್ದದ ಕಾಗದ.

ಕ್ಯಾಲಿಫೋರ್ನಿಯಾದ ಈ ನಮ್ಮ ಫ್ರೀಮಾಂಟಿನಿಂದ ಹೆದ್ದಾರಿ ಐದರಲ್ಲಿ ದಕ್ಷಿಣಕ್ಕೆ ಸುಮಾರು ಆರು ತಾಸಿನ ದಾರಿ. ದಾರಿಯ ಬಗ್ಗೆ ಹೇಳೋದಕ್ಕೆ ಎಂತದೂ ಇಲ್ಲ. ಬಾದಾಮಿ ತೋಟ, ಮತ್ತೆ ಬಾದಾಮಿ ತೋಟ, ನಡುವೆ ಒಂದು ಕಡೆ ಸಾವಿರಾರು ದನಗಳ ದೊಡ್ಡಿ. ಆ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಊರಿನ ಗೊಬ್ಬರದ ಗುಂಡಿ ನೆನಪಾಗಿ ಹಾಯೆನಿಸಿತು.

ಪಾಸಡೀನಾ ಅಂದರೆ ಲಾಸ್ ಏಂಜಲೀಸಿಗೆ ತಾಗಿಕೊಂಡೇ, ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಕೆಳಗಿರುವ ಊರು. 1874ರಲ್ಲಿ ಇಂಡಿಯಾನಾ ಕಡೆಯವರು ಅಲ್ಲಿಯ ಚಳಿಗೆ ಬೇಸತ್ತು ಇಲ್ಲಿ ಕಿತ್ತಳೆ ತೋಟ ಮಾಡಲು ಬಂದರು. ಆಮೇಲೆ ಅಮೆರಿಕದ ಪೂರ್ವ ಭಾಗದ ಶ್ರೀಮಂತರು ಚಳಿಗಾಲ ಕಳೆಯಲು ಬಂದು ಬಂಗಲೆ ಕಟ್ಟಿಸಿದರು. ಆ ಬೀದಿಗೆ ಇವತ್ತಿಗೂ ಆರೆಂಜ್ ಗ್ರೋವ್ ಅಂತಲೇ ಹೆಸರು. ಕಿತ್ತಳೆ ಮಾತ್ರ ಇಲ್ಲ.

ಆ ಶ್ರೀಮಂತರಲ್ಲಿ ಒಬ್ಬ ಡೇವಿಡ್ ಗ್ಯಾಂಬಲ್. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಗೊತ್ತಲ್ಲ, ನಿಮ್ಮ ಬಚ್ಚಲಲ್ಲಿರುವ ಏರಿಯಲ್, ನಿನ್ನ ಹೆಂಡತಿ ಮಕ್ಕಳಿಗೆ ಹಚ್ಚುವ ವಿಕ್ಸ್, ಎಲ್ಲ ಅವರದ್ದೇ. ಆ ಮನೆತನದ ಎರಡನೇ ತಲೆಮಾರಿನವನು ಇವನು. ನಿವೃತ್ತನಾಗಿ ಹೆಂಡತಿ ಮೇರಿಯ ಜೊತೆ ಇಲ್ಲಿಗೆ ಬಂದು, 1908ರಲ್ಲಿ ಚಾರ್ಲ್ಸ್ ಮತ್ತು ಹೆನ್ರಿ ಗ್ರೀನ್ ಎಂಬ ವಾಸ್ತುಶಿಲ್ಪಿ ಅಣ್ಣತಮ್ಮಂದಿರಿಗೆ ಮನೆ ಕಟ್ಟಲು ಹೇಳಿದ. ಸೋಪಿನ ನೊರೆಯಿಂದ ಬಂದ ದುಡ್ಡು ಪೂರಾ ಮರಕ್ಕೆ ಹೋಯಿತು ನೋಡು. ಎಂಥಾ ಮರ ಅಂತೀಯಾ! ಬಾಗಿಲು, ಮೆಟ್ಟಿಲು, ಪಡಸಾಲೆಗೆಲ್ಲ ತೇಗ. ಊಟದ ಕೋಣೆಗೆ ಮಹಾಗನಿ. ಅಡುಗೆಮನೆಗೆ ಮೇಪಲ್. ಹೊರಗಿನ ಹೊದಿಕೆಗೆ ಹಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿದ ರೆಡ್‌ವುಡ್ ಹಲಗೆ.

ಮುಂಬಾಗಿಲಿನ ಮುಂದೆ ನಿಂತಾಗ ಮಾತೇ ಹೊರಡಲಿಲ್ಲ. ಬಾಗಿಲಿನ ಅಗಲಕ್ಕೂ ಬಣ್ಣದ ಗಾಜಿನಲ್ಲಿ ಒಂದು ಓಕ್ ಮರ ಕೊಂಬೆ ಚಾಚಿ ನಿಂತಿದೆ. ಒಳಗೆ ಹೋಗಿ ತಿರುಗಿ ನೋಡಿದರೆ ಹೊರಗಿನ ಬಿಸಿಲು ಆ ಗಾಜಿನಿಂದ ಸೋಸಿಕೊಂಡು ಬರುತ್ತದೆ, ಜೇನಿನ ಬಣ್ಣದಲ್ಲಿ. ಕಣ್ಣು ಹೊಂದಿಕೊಳ್ಳಲು ನಿಮಿಷ ಬೇಕು. ನಿಮ್ಮ ಹಳೇ ಮನೆಯ ಹೊಸ್ತಿಲು ದಾಟಿದ ಕೂಡಲೇ ತಂಪಾಗಿ ಕವಿಯುವ ಕತ್ತಲೆ ಇದೆಯಲ್ಲ, ಅದೇ.

ಮೆಟ್ಟಿಲಿನ ಕೈಹಿಡಿಕೆಯನ್ನು ನೀನು ನೋಡಲೇಬೇಕಿತ್ತು. ಓರೆಯಾಗಿ ಜಾರುವ ಒಂದೇ ಪಟ್ಟಿ ಅಲ್ಲ ಅದು. ಮೆಟ್ಟಿಲಿನ ಜೊತೆಗೇ ಹಂತ ಹಂತವಾಗಿ ಏರುತ್ತದೆ. ಪ್ರತಿ ತಿರುವಿನಲ್ಲೂ ಒಂದು ಮರದ ಹಲ್ಲು ಇನ್ನೊಂದರ ಬಾಯಿಗೆ ಕೂತಿದೆ. ಒಂದೇ ಒಂದು ಚೂಪು ಅಂಚು ಇಲ್ಲ, ನೂರು ವರ್ಷ ಕೈ ಸವರಿ ಸವೆದ ಹಾಗೆ ಎಲ್ಲವನ್ನೂ ಮೊದಲೇ ಸವರಿಟ್ಟಿದ್ದಾರೆ. ಆದರೆ ಮುಟ್ಟುವ ಹಾಗಿಲ್ಲ! ಮುಟ್ಟು ಮುಟ್ಟು ಅಂತ ಕರೆಯುವ ಮನೆಯೊಳಗೆ ಕೈಕಟ್ಟಿಕೊಂಡು ಒಂದು ಗಂಟೆ ನಡೆಯುವ ಶಿಕ್ಷೆ ಅದು. ಮನೆ ತೋರಿಸುವ ಅಜ್ಜ ಎರಡು ಸಲ ನನ್ನ ಕೈಯನ್ನೇ ದುರುಗುಟ್ಟಿ ನೋಡಿದರು.

ಈಗ ನೀನು ಬೈಯುವ ಭಾಗ. ಎಲ್ಲ ಕೂಡಿಕೆಗಳಲ್ಲೂ ಕರಿಮರದ ಚೌಕ ಬೆಣೆಗಳು, ಸ್ವಲ್ಪ ಉಬ್ಬಿ, ಪುಟ್ಟ ದಿಂಬಿನ ಹಾಗೆ ಮಿರುಗುತ್ತವೆ. ಮರದ ಬೆಣೆ ಹೊಡೆದೇ ಎಲ್ಲ ಬಿಗಿದಿದ್ದಾರೆ ಅಂತ ನಾನು ಪುಳಕಗೊಂಡಿದ್ದೆ. ಕೇಳಿದರೆ, ಎಷ್ಟೋ ಕಡೆ ಆ ಬೆಣೆಯ ಹಿಂದೆ ಅಡಗಿ ಕೂತಿರುವುದು ಸ್ಕ್ರೂ! ಒಳಗೊಳಗೇ ಪಿಚ್ಚೆನಿಸಿತು. ಯಂತ್ರದ ಮೋಸದ ಅಲಂಕಾರ ಬೇಡ, ಕೈಕೆಲಸ ಕಣ್ಣಿಗೆ ಕಾಣಬೇಕು ಅಂತ ಹುಟ್ಟಿದ್ದೇ ಈ ಕ್ರಾಫ್ಟ್ಸ್‌ಮನ್ ಶೈಲಿ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ ಅದನ್ನೇ ಹೇಳಿದ, ಇಲ್ಲಿ ಗುಸ್ತಾವ್ ಸ್ಟಿಕ್ಲಿ ಎಂಬಾತ 1901ರಿಂದ 1916ರವರೆಗೆ ಅದಕ್ಕಾಗಿಯೇ ‘ದಿ ಕ್ರಾಫ್ಟ್ಸ್‌ಮನ್’ ಅಂತ ಪತ್ರಿಕೆ ನಡೆಸಿದ. ಇಲ್ಲಿ ನೋಡಿದರೆ ಸ್ಕ್ರೂವಿಗೆ ಕರಿಮರದ ಟೋಪಿ. ನಿಮ್ಮಪ್ಪಯ್ಯ ಇದ್ದಿದ್ದರೆ ಎಲೆಯಡಿಕೆ ಉಗುಳಿ, ‘ಇದಕ್ಕೆ ಆಚಾರಿ ಬೇಕಿತ್ತನಾ’ ಅಂತಿದ್ದರು.

ಆದರೂ ರಾತ್ರಿ ಮಲಗಿ ಯೋಚಿಸಿದೆ. ಸ್ಕ್ರೂ ಕೂರುವ ತೂತನ್ನು ಉದ್ದಕ್ಕೆ ಕೊರೆದು, ಮರ ಹಿಗ್ಗಿ ಕುಗ್ಗಿದರೂ ಸೀಳದ ಹಾಗೆ ಮಾಡುವ ಕ್ರಮ ಅವರಿಗೆ ಗೊತ್ತಿತ್ತಂತೆ. ಅಂದರೆ ಮರ ಉಸಿರಾಡುತ್ತದೆ ಅನ್ನುವುದು ಅರ್ಥವಾಗಿದ್ದ ಮಂದಿ. ಈ ಕೆಲಸ ಮಾಡಿದವರು ಸ್ವೀಡನ್ನಿನಿಂದ ಬಂದ ಪೀಟರ್ ಮತ್ತು ಜಾನ್ ಹಾಲ್, ಅವರೂ ಅಣ್ಣತಮ್ಮಂದಿರೇ. ಗ್ರೀನ್ ಸಹೋದರರ ಹೆಸರು ಎಲ್ಲ ಕಡೆ ಇದೆ. ಉಳಿ ಹಿಡಿದ ಹಾಲ್ ಸಹೋದರರ ಹೆಸರು ಹುಡುಕಬೇಕು. ನಮ್ಮಲ್ಲೂ ಅಷ್ಟೇ ಅಲ್ವನಾ, ಮನೆ ಗೌಡರದ್ದು, ಆಚಾರಿ ಯಾರೋ.

ಜಪಾನಿನ ನೆರಳು ಎಲ್ಲ ಕಡೆ ಕಾಣುತ್ತದೆ. 1893ರಲ್ಲಿ ಗ್ರೀನ್ ಸಹೋದರರು ಪಾಸಡೀನಾಕ್ಕೆ ಬರುವ ದಾರಿಯಲ್ಲಿ ಶಿಕಾಗೋ ಜಾಗತಿಕ ಮೇಳದಲ್ಲಿ ಜಪಾನೀ ಮಂಟಪ ನೋಡಿದ್ದರಂತೆ. ಹೌದು, ನಮ್ಮ ವಿವೇಕಾನಂದರು ಮಾತಾಡಿದ ಅದೇ ವರ್ಷದ ಅದೇ ಮೇಳ! ಸೂರಿನಿಂದ ಆಚೆಗೆ ಪಕಾಸಿಗಳ ತುದಿ ಬೆರಳುಗಳ ಹಾಗೆ ಚಾಚಿಕೊಂಡಿವೆ. ನೋಡಲು ಚಂದವೇ. ಆದರೆ ಮಾಡಿನ ರಕ್ಷಣೆಯೇ ಇಲ್ಲದ ಆ ತುದಿಗಳು ಈ ಒಣ ಊರಲ್ಲೂ ಕೊಳೆತು ದುರಸ್ತಿಗೆ ಬಂದವು. ಆಗುಂಬೆಯಲ್ಲಾಗಿದ್ದರೆ ಎರಡು ಆಷಾಢಕ್ಕೇ ಅಣಬೆ ಏಳುತ್ತಿತ್ತು. ಸೂರು ಅಗಲ, ಆದರೆ ಮಾಡಿನ ಇಳಿಜಾರು ತೀರಾ ಕಡಿಮೆ. ಇಲ್ಲಿಯವರು ಸೂರು ಇಳಿಸುವುದು ಬಿಸಿಲಿಗೆ, ನಾವು ಮಳೆಗೆ.

ಅಜ್ಜ ಹೇಳಿದ ಕತೆ ಒಂದಿದೆ. 1940ರ ದಶಕದಲ್ಲಿ ಗ್ಯಾಂಬಲ್ ಮಗ ಸೊಸೆ ಮನೆ ಮಾರಲು ಹೊರಟರಂತೆ. ನೋಡಲು ಬಂದವರಲ್ಲಿ ಒಬ್ಬಾಕೆ, ಒಳಗೆಲ್ಲ ಕತ್ತಲೆ, ಈ ಮರಕ್ಕೆಲ್ಲ ಬಿಳಿ ಬಣ್ಣ ಹೊಡೆಸಿಬಿಡೋಣ ಅಂದಳಂತೆ. ಅವತ್ತೇ ಮಾರಾಟ ರದ್ದು. 1966ರಲ್ಲಿ ಮನೆಯವರು ಅದನ್ನು ನಗರಕ್ಕೆ ಕೊಟ್ಟರು. ಆಮೇಲೆ ದಶಕಗಳ ಕಾಲ ವಾಸ್ತುಶಿಲ್ಪ ಓದುವ ಇಬ್ಬರು ವಿದ್ಯಾರ್ಥಿಗಳು ವರ್ಷಕ್ಕೊಂದು ಜೋಡಿಯಂತೆ ಅಲ್ಲೇ ವಾಸವಿದ್ದರು. ಆ ಪುಣ್ಯವಂತರು ಮೆಟ್ಟಿಲಿನ ಕೈಹಿಡಿಕೆ ಮುಟ್ಟಿರುತ್ತಾರೆ.

ನಾವು ಉಳಿದಿದ್ದು ಬಂಗಲೋ ಹೆವನ್ ಅನ್ನುವ ಬಡಾವಣೆಯಲ್ಲಿ, ಒಂದು ಮನೆಯ ಹಿತ್ತಲ ಕೋಣೆ. ಬಂಗಲೆ ಅಂದಕೂಡಲೇ ನಮಗೆ ಕಾಣುವುದು ಕಾಫಿ ಎಸ್ಟೇಟಿನ ದೊರೆ ಮನೆ, ಇಲ್ಲವೇ ಪ್ರವಾಸಿ ಬಂಗಲೆಯ ಮುಚ್ಚಿದ ಗೇಟು. ಬಂಗಾಳದ ಹುಲ್ಲು ಮಾಡಿನ ಗುಡಿಸಲಿನ ಹೆಸರು ಬ್ರಿಟಿಷರ ಜೊತೆ ಹಡಗು ಹತ್ತಿ, ಇಲ್ಲಿಗೆ ಬಂದು ಗುಮಾಸ್ತ, ಮೇಷ್ಟ್ರುಗಳ ಪುಟ್ಟ ಮನೆಯಾಯಿತು. ಮುಂದೆ ಅಗಲ ಜಗಲಿ, ಕೆಳಗೆ ದಪ್ಪ ಮೇಲೆ ಸಪೂರ ಕಂಬ, ಅರೋಯೋ ಹಳ್ಳದ ಉರುಟು ಕಲ್ಲಿನ ಕಟ್ಟೆ, ಒಳಗೆ ಗೋಡೆಗೇ ಸೇರಿಸಿದ ಪುಸ್ತಕದ ಕಪಾಟು. ಹೀಗೆ ಎಂಟುನೂರಕ್ಕೂ ಹೆಚ್ಚು ಮನೆಗಳು! 1989ರಲ್ಲಿ ಊರಿನ ಮೊದಲ ಪಾರಂಪರಿಕ ಬಡಾವಣೆ ಅಂತ ಇದನ್ನೇ ಘೋಷಿಸಿದರು. ನಿಜ ಹೇಳಲಾ, ಗ್ಯಾಂಬಲ್ ಮನೆಗಿಂತ ನನಗೆ ಇವೇ ಇಷ್ಟವಾದವು. ಜಗಲಿಯಲ್ಲಿ ಯಾರೋ ಬೀನ್ಸ್ ಸೋಸುತ್ತಿದ್ದರು, ಮತ್ತೊಂದರಲ್ಲಿ ಸೈಕಲ್ಲಿನ ಚೈನು ಬಿಚ್ಚಿಕೊಂಡಿತ್ತು. ಮುಟ್ಟಬೇಡಿ ಅನ್ನುವವರು ಯಾರೂ ಇಲ್ಲ. (ನೀನು ಬಂದರೆ ನೆನಪಿರಲಿ, ಈ ಊರಲ್ಲಿ ಪರ್ಮಿಟ್ ಇಲ್ಲದೆ ರಾತ್ರಿ ಎರಡರಿಂದ ಆರರವರೆಗೆ ಬೀದಿಯಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ. ಮನೆಯೊಡತಿ ಹೇಳದಿದ್ದರೆ ದಂಡ ಗ್ಯಾರಂಟಿ ಇತ್ತು.)

ಮತ್ತೆ ನಿನ್ನ ಕಂಬದ ವಿಷಯ. ಗ್ರೀನ್ ಸಹೋದರರೇ 1907ರಲ್ಲಿ ಮಿಷಿಗನ್ನಿನ ಮರದ ವ್ಯಾಪಾರಿ ಬ್ಲ್ಯಾಕರ್‌ಗೆ ಇನ್ನೂ ದೊಡ್ಡ ಮನೆ ಕಟ್ಟಿದ್ದರು. 1985ರಲ್ಲಿ ಅದನ್ನು ಕೊಂಡವರು ವಾಸಕ್ಕೆ ಬರಲಿಲ್ಲ. ದೀಪಗಳನ್ನೂ ಬಣ್ಣದ ಗಾಜನ್ನೂ ಬಿಚ್ಚಿ ಬಿಡಿಬಿಡಿಯಾಗಿ ಮಾರಿದರು. ಲೆಕ್ಕ ಸರಿಯೇ, ಬಿಡಿ ಭಾಗಗಳಿಗೆ ಇಡೀ ಮನೆಗಿಂತ ಗಿರಾಕಿ ಜಾಸ್ತಿ. ಊರು ಸಿಟ್ಟಿಗೆದ್ದು, ಹಾಗೆ ಅನುಮತಿಯಿಲ್ಲದೆ ಬಿಚ್ಚಬಾರದು ಅಂತ ಕಾನೂನೇ ಮಾಡಿತು. ಮುಂದೆ ಬಂದ ಮಾಲೀಕರು ಹಳೇ ದೀಪಗಳ ಪ್ರತಿಕೃತಿ ಮಾಡಿಸಿ ಮತ್ತೆ ತೂಗುಹಾಕಿದರು. ನಾನು ಬೀದಿಯಲ್ಲೇ ನಿಂತು ನೋಡಿದೆ, ಅದು ಖಾಸಗಿ ಮನೆ.

ಭಾನುವಾರ ಬೆಳಿಗ್ಗೆ ಉತ್ತರಕ್ಕೆ ಆಲ್ಟಡೀನಾ ಕಡೆ ಹೋದೆವು. 2025ರ ಜನವರಿ 7ರಂದು ಹೊತ್ತಿದ ಈಟನ್ ಕಾಡ್ಗಿಚ್ಚಿಗೆ ಆ ಭಾಗದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟವು, ಇಂಥ ಎಷ್ಟೋ ಮರದ ಮನೆಗಳೂ ಸೇರಿ. ಬೆಂಕಿ ಆರಿದಾಗ ಬೂದಿಯ ನಡುವೆ ನಿಂತಿದ್ದು ಹೊಗೆಗೂಡುಗಳು ಮಾತ್ರ. ಅವುಗಳ ಎದೆಗೆ ಅರ್ನೆಸ್ಟ್ ಬ್ಯಾಚೆಲ್ಡರ್ ಎಂಬಾತನ ಕಾರ್ಖಾನೆಯ ಮಣ್ಣಿನ ಬಿಲ್ಲೆಗಳು, ಟೈಲ್ಸ್ ಅಂತೀವಲ್ಲ, ಅವು. 1910ರ ಸುಮಾರಿಗೆ ಪಾಸಡೀನಾದ ತನ್ನ ಹಿತ್ತಲಲ್ಲೇ ಆತ ಆವಿಗೆ ಹೂಡಿ ಶುರುಮಾಡಿದ್ದ ಕೆಲಸ ಅದು. ಬುಲ್ಡೋಜರ್ ಬರುವ ಮೊದಲು ಗಾರೆಯವರೂ ಸ್ವಯಂಸೇವಕರೂ ಸೇರಿ ಆ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿ, ಆಯಾ ಮನೆಯವರಿಗೆ ಒಪ್ಪಿಸಲು ಎತ್ತಿಟ್ಟರು. ಒಮ್ಮೆ ಬೆಂದ ಮಣ್ಣು, ಮತ್ತೊಮ್ಮೆ ಬೆಂದರೂ ಉಳಿಯಿತು.

ಅಲ್ಲಿಂದ ವಾಪಸ್ ಬರುವಾಗ ಹೆಂಡತಿ ಕೇಳಿದಳು, ಅವನಿಗೆ ಎಂತ ಹೇಳ್ತೀಯ ಅಂತ. ಮಾರಬೇಡ ಅನ್ನುವ ಹಕ್ಕು ನನಗಿಲ್ಲ ಮಾರಾಯ. ಹಂಚು ಕೈಯಾಡಿಸುವುದು, ಗೆದ್ದಲಿಗೆ ಮದ್ದು ಹೊಡೆಸುವುದು ನೀನು. ಇಲ್ಲಿ ಕೂತು ಪರಂಪರೆ ಅಂತ ಕಣ್ಣೀರು ಹಾಕುವವನು ನಾನು. ಆದರೆ ರೆಸಾರ್ಟಿನವರ ಲಾರಿ ಬರುವ ಮೊದಲು ಒಂದು ಕೆಲಸ ಮಾಡು. ಬೋದಿಗೆಯ ಮೇಲೆ ತೊಲೆ ಕೂತ ಜಾಗದಲ್ಲಿ ನಿಮ್ಮಜ್ಜ ಮೊಳೆ ಹೊಡೆದಿದ್ದಾರಾ, ಬರೀ ಕಚ್ಚಿನಲ್ಲೇ ನಿಲ್ಲಿಸಿದ್ದಾರಾ? ಮುಚ್ಚಿಗೆಯಡಿ ನಿಂತು ಎಷ್ಟು ಸಲ ಕತ್ತೆತ್ತಿ ನೋಡಿದ್ದೇವೆ, ಇದನ್ನು ಮಾತ್ರ ಕೇಳಿಯೇ ಇಲ್ಲ.

ಶನಿವಾರ ನಿನ್ನ ಬೆಳಿಗ್ಗೆ ಎಂಟಕ್ಕೆ ವಿಡಿಯೋ ಕಾಲ್ ಮಾಡ್ತೇನೆ. ಅಳತೆ ಟೇಪು, ಟಾರ್ಚು ತಗೊಂಡು ಏಣಿ ಹತ್ತಿ ಕೂತಿರು.

ನಿನ್ನ,
ಫ್ರೀಮಾಂಟಿನ ಗೆಳೆಯ