ಗಾಜು ಕರಗಿಸುವ ಪಕ್ಕದ ಟಾರ್ಚ್ ಮುಂದೆ ಕೂತಿದ್ದ ಅಕ್ಕನಿಗೆ

ಗಾಜಿನ ಮಣಿ ಮಾಡುವ ಕಾರ್ಯಾಗಾರದಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕಾ, ನಿಮ್ಮ ಹೆಸರು ಗೊತ್ತಿಲ್ಲ. ಈ ಧನ್ಯವಾದ ನಿಮಗೆ.

ಆವತ್ತು ನನಗೆ ಏನೂ ಹೊಳೆಯುತ್ತಿರಲಿಲ್ಲ. ಕೈ ಪಳಗಿತ್ತು, ಮಣಿ ಗುಂಡಗೇ ಬರುತ್ತಿತ್ತು. ಆದರೆ ಅದೇ ಚುಕ್ಕಿ, ಅದೇ ಬಣ್ಣ. ಇನ್ನು ಸಾಕು, ಬಿಟ್ಟುಬಿಡೋಣ ಅನ್ನುವಷ್ಟು ಬೇಜಾರಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಮುಖವೇ ಹೇಳಿರಬೇಕು.

ನೀವು ಏನೂ ಕೇಳಲಿಲ್ಲ. ನಿಮ್ಮ ದಂತಬಣ್ಣದ ಗಾಜಿನ ಕಡ್ಡಿಯನ್ನು ಉರಿಗೆ ಹಿಡಿದು, ಕರಗಿದ ತುದಿಯನ್ನು ಇಕ್ಕಳದಿಂದ ಮೆಲ್ಲಗೆ ಎಳೆದು, ತೀರಾ ತೆಳ್ಳಗಿನ ಎಳೆ ಮಾಡಿದಿರಿ. ಅದನ್ನು ನನ್ನ ಕಡೆ ಚಾಚಿದಿರಿ, ತಣ್ಣಗಿದ್ದ ತುದಿಯೇ ನನ್ನ ಕೈಗೆ ಬರುವ ಹಾಗೆ. "ನಿಮ್ಮ ಆ ಹಸಿರುನೀಲಿ ಮಣಿ ಮೇಲೆ ಸುತ್ತಿ ನೋಡಿ" ಅಂದಿರಿ, ಅಷ್ಟೇ.

ಸುತ್ತಿದೆ. ಎರಡು ಬಣ್ಣ ಸೇರುವ ಅಂಚಿನುದ್ದಕ್ಕೂ ಕಪ್ಪು ಗೆರೆ ಮೂಡಿತು, ಯಾರೋ ಮಸಿ ಪೆನ್ನಿನಲ್ಲಿ ಎಳೆದ ಹಾಗೆ! ದಂತಬಣ್ಣದ ಗಾಜಿನಲ್ಲಿ ಗಂಧಕ, ಹಸಿರುನೀಲಿಯಲ್ಲಿ ತಾಮ್ರ, ಬಿಸಿಯಲ್ಲಿ ಎರಡೂ ಸೇರಿದರೆ ಹೀಗೇ ಎಂದು ಆಮೇಲೆ ವಿವರಿಸಿದಿರಿ. ನಾನೋ, ಡಿಸೈನ್ ಅಂದರೆ ತಲೆಯಲ್ಲೇ ಹುಟ್ಟಬೇಕು ಅಂತ ಒದ್ದಾಡುತ್ತಿದ್ದೆ. ಎಷ್ಟೋ ಹೊತ್ತಿನಿಂದ ಬಿಗಿದುಕೊಂಡಿದ್ದ ಭುಜ ಸಡಿಲವಾಯಿತು, ನಗುವೂ ಬಂತು.

ನನ್ನ ಎರಡೂ ಕೈಗೆ ಕೆಲಸವಿದ್ದಾಗ, ಮಣಿಗಳನ್ನು ಮೆಲ್ಲಗೆ ತಣಿಸುವ, ಸುಮಾರು 500 ಡಿಗ್ರಿ ಬಿಸಿಯಿದ್ದ ಗೂಡಿನ ಬಾಗಿಲು ತೆರೆದು ಹಿಡಿದವರೂ ನೀವೇ. ಹೊರಡುವಾಗ ಮಿಕ್ಕ ಎಳೆಗಳನ್ನು ಕಾಗದದಲ್ಲಿ ಸುತ್ತಿ ನನ್ನ ಮೇಜಿನ ಮೇಲಿಟ್ಟಿರಿ. ಅವೆಲ್ಲ ಖಾಲಿಯಾದವು ಅಕ್ಕಾ. ಈಗ ನಾನೇ ಎಳೆಯುತ್ತೇನೆ, ನಿಮ್ಮಷ್ಟು ತೆಳ್ಳಗೆ ಇನ್ನೂ ಬರುತ್ತಿಲ್ಲ.